ಮಸ್ಕತ್ತಿನ ವಿಮೆ, ಸವಣೂರಿನ ಫ್ಲೆಕ್ಸು

ಸವಣೂರಿನ ಹಿಟ್ಟಿನ ಗಿರಣಿ ಉಳಿವೆಪ್ಪ ಸತ್ತದ್ದು ಒಂದು ಮಂಗಳವಾರ. ಆ ದಿನ ಅವನು ಊರಲ್ಲಿರಲಿಲ್ಲ. ಹೀಗಾಗಿ ವಿಷಯ ಎಲ್ಲರಿಗಿಂತ ಕಡೆಗೆ ತಿಳಿದದ್ದು ಅವನಿಗೇ.

ಇದು ಹೇಗಾಯಿತು ಅಂತ ಹೇಳಬೇಕಾದರೆ ಅವನ ಸೋದರಮಾವ ಕರಿಬಸಪ್ಪನಿಂದ ಶುರು ಮಾಡಬೇಕು. ಕರಿಬಸಪ್ಪ ಹಾನಗಲ್ಲಿನವನು, ಸವಣೂರಿನ ಅಕ್ಕನ ಮನೆಯಲ್ಲಿ ಕೆಲವು ವರ್ಷ ಇದ್ದವನು. ಹರೆಯದಲ್ಲಿ ಮಸ್ಕತ್ತಿಗೆ ಹೋಗಿ, ಅಲ್ಲೊಂದು ಕಂಪನಿಯ ಮೆಸ್ಸಿನಲ್ಲಿ ಅಡಿಗೆ ಮಾಡಿಕೊಂಡು, ಮದುವೆ ಗಿದುವೆ ಅಂತ ಯಾರಿಗೂ ತೊಂದರೆ ಕೊಡದೆ ಅಲ್ಲೇ ಮುದುಕನಾದ. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕುಂತವನು ಮತ್ತೆ ಏಳಲಿಲ್ಲ. ಜೊತೆಗಿದ್ದವರು ಅಲ್ಲೇ ಮಣ್ಣು ಮಾಡಿದರು. ಸುದ್ದಿ ಮುಟ್ಟಿಸಿದವನು ಅವನ ಕೋಣೆಯಲ್ಲೇ ಇರುತ್ತಿದ್ದ ಬಂಕಾಪುರದ ಶಾಹಬಾಜ.

“ಉಳಿವೆಪ್ಪಣ್ಣಾ, ನಿಮ್ಮ ಮಾಂವ ಹೋಗಿಬಿಟ್ರು,” ಅಂದ ಶಾಹಬಾಜ ಫೋನಿನಲ್ಲಿ.

ಉಳಿವೆಪ್ಪ ಅಳಲಿಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಶಾಹಬಾಜ ಮುಂದಿನ ಮಾತು ಹೇಳಿದ: “ಕಂಪನ್ಯಾಗ ಅವರ ಹೆಸರಿಲೆ ಜೀವ ವಿಮಾ ಇತ್ತು. ನಾಮಿನಿ ಅಂತ ನಿಮ್ಮ ಹೆಸರ ಬರಿಸ್ಯಾರ.”

ತೆರೆದ ಬಾಯಿ ತೆರೆದೇ ಉಳಿಯಿತು. ಅಳು ಮಾತ್ರ ಎತ್ತ ಹೋಯಿತೋ ದೇವರಿಗೇ ಗೊತ್ತು.

ಸಾವಿನ ಸುದ್ದಿ, ವಿಮೆಯ ಸುದ್ದಿ ಎರಡೂ ಒಂದೇ ಫೋನಿನಲ್ಲಿ ಬಂದದ್ದರಿಂದ ಓಣಿಯಲ್ಲಿ ಬೇರೆ ಯಾರಿಗೂ ಅಳಲು ಸಂದು ಸಿಗಲಿಲ್ಲ. ಬಂದವರೆಲ್ಲ “ಅಯ್ಯ ಪಾಪ, ಎಷ್ಟ ಬರತೈತಂತ?” ಎಂದು ಒಂದೇ ಉಸಿರಿನಲ್ಲಿ ಕೇಳಿ, ಚಹಾ ಕುಡಿದು ಎದ್ದು ಹೋದರು.

ಉಳಿವೆಪ್ಪನಿಗೆ ಆ ರೊಕ್ಕ ಬೇಕೇ ಬೇಕಾಗಿತ್ತು. ಗಿರಣಿ ಅವನದು, ಅಪ್ಪನ ಕಾಲದಿಂದ ಬಂದದ್ದು. ಆದರೆ ಗಿರಣಿ ನಿಂತ ಜಾಗ ಶಂಕ್ರಪ್ಪನದು. ಶಂಕ್ರಪ್ಪ ಹಿಂದೊಮ್ಮೆ ಪುರಸಭೆಯ ಮೆಂಬರಾಗಿದ್ದವನು, ಈಗಲೂ ಹಾಗೇ ನಡೆಯುತ್ತಾನೆ. ಆ ಜಾಗದಲ್ಲಿ ಸಾಲಾಗಿ ಮೊಬೈಲ್ ಅಂಗಡಿ ಕಟ್ಟಿಸಬೇಕೆಂದು ಅವನ ಆಸೆ. ಊರವರ ಮುಲಾಜಿಗೆ ಬಿದ್ದು ಒಂದು ಮಾತು ಕೊಟ್ಟಿದ್ದ: “ದೀಪಾವಳಿ ಪಾಡ್ಯೇಕ ರೊಕ್ಕ ಇಡು, ಜಾಗಾ ನಿನ್ನ ಹೆಸರಿಗೆ ಬರಕೊಡತೇನಿ. ಇಲ್ಲಾ, ಗಿರಣಿ ಕೀಲಿ ಇಡು.” ಮಸ್ಕತ್ತಿನ ವಿಮೆ ಬಂದರೆ ಗಿರಣಿ ಉಳಿಯುತ್ತಿತ್ತು, ಬರದಿದ್ದರೆ ಉಳಿವೆಪ್ಪ ಬೀದಿಗೆ ಬೀಳುತ್ತಿದ್ದ. ಲೆಕ್ಕ ಇಷ್ಟೇ.

“ಹುಬ್ಬಳ್ಳಿಯಿಂದ ವಿಮಾ ಕಂಪನೀದ ಒಬ್ಬರು ತನಿಖೆ ಸಾಹೇಬ್ರು ಬರತಾರ,” ಅಂತ ಶಾಹಬಾಜ ಮತ್ತೆ ಫೋನಿನಲ್ಲಿ ಎಚ್ಚರಿಸಿದ್ದ. “ನಾಮಿನಿ ಯಾರು, ಎಂಥವರು ಅಂತ ಓಣ್ಯಾಗ ನಾಕ ಮಂದೀನ ಕೇಳತಾರ. ನೀವೇನೂ ಮಾಡಬ್ಯಾಡ್ರಿ. ಸುಮ್ಮನ ಮನ್ಯಾಗ ಕುಂತಿರ್ರಿ.”

ಉಳಿವೆಪ್ಪನಿಗೆ ಆಗದ ಕೆಲಸ ಅದೊಂದೇ.

ಈಗಿನ ಕಾಲದಲ್ಲಿ ನಮ್ಮ ಕಡೆ ಉಸಿರು ನಿಂತ ಮಾತ್ರಕ್ಕೆ ಮನುಷ್ಯ ಸತ್ತ ಲೆಕ್ಕವಲ್ಲ. ಸರ್ಕಲ್ಲಿನಲ್ಲಿ ಫ್ಲೆಕ್ಸು ಏರಬೇಕು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ನಡುವೆ ಸತ್ತವರ ಫೋಟೋ, ಅದಕ್ಕೊಂದು ಹಾರ, ಎರಡೂ ಕಡೆ ದೀಪ, ಕೆಳಗೆ ಸಾಲಾಗಿ ದುಃಖತಪ್ತರ ಫೋಟೋಗಳು. ಇಷ್ಟಾದ ಮೇಲೆಯೇ ಸಾವು ಊರ್ಜಿತ. ಮಾವನ ಸಾವಿಗೆ ಫ್ಲೆಕ್ಸಿಲ್ಲದಿದ್ದರೆ ತನಿಖೆ ಸಾಹೇಬರು ನಂಬುವುದಾದರೂ ಹೇಗೆ? ಉಳಿವೆಪ್ಪ ಹಿಟ್ಟು ಝಾಡಿಸಿಕೊಂಡು ಶರಣುವಿನ ಫ್ಲೆಕ್ಸ್ ಅಂಗಡಿಗೆ ನಡೆದ.

ಶರಣು ಕಂಪ್ಯೂಟರಿನ ಮೇಲೆ ಮಾವನ ಫೋಟೋ ಹಿಗ್ಗಿಸಿ ನೋಡಿದ. ಅದು ಹಳೇ ಪಾಸ್‌ಪೋರ್ಟಿನ ಫೋಟೋ, ಫೋನಿನಿಂದ ಫೋನಿಗೆ ಹಾರಿ ಬಂದದ್ದು.

“ಕಾಕಾ, ಇದನ್ನ ದೊಡ್ಡದ ಮಾಡಿದ್ರ ಮಾರಿ ಒಡದ ಹೋಗತೈತ್ರಿ. ಮೂಗ ಎಲ್ಲಿ, ಬಾಯಿ ಎಲ್ಲಿ ತಿಳಿಯೂದಿಲ್ಲ.”

“ಹಂಗಾರ ಸಣ್ಣದ ಹಾಕು,” ಅಂದ ಉಳಿವೆಪ್ಪ ಧಾರಾಳವಾಗಿ. “ಮಾಂವ ಏನ ಬಂದು ನೋಡಾಕತ್ತಾನ? ನೋಡವ್ರು ಸಾಹೇಬ್ರು. ಅವರಿಗೆ ನಾಮಿನಿ ಯಾರು ಅಂತ ದೂರದಿಂದನ ತಿಳೀಬೇಕು. ನಂದು ದೊಡ್ಡದ ಹಾಕು.”

“ಎಷ್ಟ ದೊಡ್ಡದ್ರಿ?”

“ಬಸ್ಸಿನ್ಯಾಗ ಕುಂತವ್ರಿಗೆ ಕಾಣುವಷ್ಟು.”

ಸಂಬಂಧಿಕರೊಬ್ಬರ ಮದುವೆಯಲ್ಲಿ ಕೋಟು, ಕಪ್ಪು ಕನ್ನಡಕ ಹಾಕಿ ಕೈಮುಗಿದು ನಿಂತ ಫೋಟೋ ಒಂದಿತ್ತು. ಅದನ್ನು ಕೊಟ್ಟ. ಶರಣು ತನ್ನಲ್ಲಿದ್ದ ಸಿದ್ಧ ಡಿಜೈನಿನ ದೊಡ್ಡ ಚೌಕಟ್ಟಿನಲ್ಲಿ ಅದನ್ನು ಕೂರಿಸಿದ. ಚೌಕಟ್ಟಿಗೆ ಹಾರ ಮೊದಲೇ ಅಂಟಿಕೊಂಡಿತ್ತು, ದೀಪಗಳೂ ಉರಿಯುತ್ತಿದ್ದವು. ಮಾವ ಕೆಳಗೆ ದುಃಖತಪ್ತರ ಸಾಲಿನಲ್ಲಿ ಒಬ್ಬನೇ ಕುಂತ.

“ಕಾಕಾ, ಹಾರ ಇರ್ಲ್ಯಾ?” ಅಂತ ಶರಣು ಒಂದು ಮಾತು ಕೇಳಿದ. ಅವನದು ತಪ್ಪಿಲ್ಲ.

“ಇರ್ಲಿ ಬಿಡೊ, ಚಂದ ಕಾಣತೈತಿ. ಹಾರ ಹಾಕಿಸ್ಕೊಳ್ಳೋ ಯೋಗ ನಮಗ ಮತ್ತ್ಯಾವಾಗ ಬರಬೇಕು!”

ಮಂಗಳವಾರ ನಸುಕಿನಲ್ಲಿ ಫ್ಲೆಕ್ಸು ಸರ್ಕಲ್ಲಿಗೆ ಏರಿತು. ಅದೇ ನಸುಕಿನಲ್ಲಿ ಉಳಿವೆಪ್ಪ ಮಾವನ ವಂಶಾವಳಿ ಬರೆಸಲು ಹಾನಗಲ್ಲಿನ ಬಸ್ಸು ಹತ್ತಿದ. ಹೆಂಡತಿ ಫಕ್ಕೀರವ್ವ ದುಂಡಸಿಯ ತವರಿಗೆ ಹೋಗಿದ್ದಳು. ಶರಣು ಫ್ಲೆಕ್ಸು ಕಟ್ಟಿ, ಅಂಗಡಿಗೆ ಬಣ್ಣ ತರಲು ಹುಬ್ಬಳ್ಳಿಗೆ ಹೋದ. ಉಳಿವೆಪ್ಪನ ಮೊಬೈಲು ಗಿರಣಿಯ ಜೋಳದ ಡಬ್ಬಿಯ ಮೇಲೆ ಉಳಿಯಿತು. ಆಧಾರ್ ಕಾರ್ಡು ಅಂಗಿಯ ಕಿಸೆಯಲ್ಲಿತ್ತು, ಆದರೆ ಆ ಅಂಗಿ ಮನೆಯ ಗೂಟದಲ್ಲಿತ್ತು. ಹಾನಗಲ್ಲಿನಲ್ಲಿ ಅವನು ತಾನೇ ಉಳಿವೆಪ್ಪ ಎಂದು ನಾಲ್ಕು ಮಂದಿ ದೂರದ ಸಂಬಂಧಿಕರನ್ನು ಕರೆತಂದು ಹೇಳಿಸುವಷ್ಟರಲ್ಲಿ ಹೊತ್ತು ಇಳಿಯಿತು.

ಇತ್ತ ಸವಣೂರಿನಲ್ಲಿ, ಮಗಳ ಬಾಣಂತನಕ್ಕೆಂದು ಹಿರೇಕೆರೂರಿಗೆ ಹೋಗಿದ್ದ ಬಾಜೂಮನೆ ದಾವಲಬಿ ಆ ಮುಂಜಾನೆಯೇ ಬಸ್ಸಿಳಿದಳು. ವಯಸ್ಸಾದ ಹೆಣ್ಣುಮಗಳು, ಉಳಿವೆಪ್ಪನನ್ನು ಎತ್ತಿ ಆಡಿಸಿದವಳು. ಅಕ್ಷರ ಬಾರದು. ಆದರೆ ಹಾರ ಹಾಕಿದ ಫೋಟೋ ಓದಲು ಅಕ್ಷರ ಯಾಕೆ ಬೇಕು?

“ಯಾ ಅಲ್ಲಾ! ನಮ್ಮ ಉಳಿವೆಪ್ಪ ಹೋಗಿಬಿಟ್ನಾ! ಮೊನ್ನೆ ಮೊನ್ನೆ ನನ್ನ ಗೋದಿ ಬೀಸಿಕೊಟ್ಟಿದ್ದ ಕೂಸು!”

ಅಕ್ಷರ ಬರುವವರು ಬಂದು ಓದಿದರು. ಅವರೂ ಹಾರ ನೋಡಿದರು, ದೀಪ ನೋಡಿದರು, ಓದುವುದನ್ನು ಅಲ್ಲಿಗೇ ನಿಲ್ಲಿಸಿದರು. ಗಿರಣಿಗೆ ಓಡಿದರೆ ಕೀಲಿ. ಮನೆಗೆ ಓಡಿದರೆ ಕೀಲಿ. ಫೋನು ಹಚ್ಚಿದರೆ ಮುಚ್ಚಿದ ಗಿರಣಿಯೊಳಗೆ ಅದು ಒಂದೇ ಸಮನೆ ಬಡಿದುಕೊಂಡಿತು. “ಮಾಂವನ ಹಿಂದನ ಹೋದ. ಆಸ್ಪತ್ರಿಗೆ ಒಯ್ದಿರಬೇಕು. ಹೆಣಾ ಇನ್ನೂ ಬಂದಿಲ್ಲ,” ಅಂದರು ತಿಳಿದವರು. ತಿಳಿದವರಿಗೆ ನಮ್ಮ ಊರಲ್ಲಿ ಕೊರತೆಯಿಲ್ಲ.

ಸುದ್ದಿ ಕೇಳಿದ ಕೂಡಲೇ ಶಂಕ್ರಪ್ಪ ಗಿರಣಿಗೆ ಬಂದ. ಒಂದು ಕೈಯಲ್ಲಿ ವಸ್ತ್ರ ಹಿಡಿದು ಕಣ್ಣು ಒರೆಸಿಕೊಂಡ. ಇನ್ನೊಂದು ಕೈಯಲ್ಲಿ ಅಳತೆ ಟೇಪು ಇತ್ತು.

“ಬಂಗಾರದಂಥಾ ಮನಿಷ್ಯಾರಿ,” ಅನ್ನುತ್ತ ಗಿರಣಿಯ ಮುಂದಿನ ಗೋಡೆ ಅಳೆದ. “ಎಂದೂ ಎದುರ ಮಾತಾಡಿದವ ಅಲ್ಲ,” ಅನ್ನುತ್ತ ಬಗಲಿನ ಗೋಡೆ ಅಳೆದ. “ಲೇ ಯಾರರ ಆ ತುದಿ ಹಿಡೀರೋ,” ಅಂದಾಗ ಅವನ ಗಂಟಲು ನಿಜವಾಗಿಯೂ ಗದ್ಗದವಾಗಿತ್ತು.

ಈ ಗದ್ದಲದ ನಡುವೆ ಬಂದರು ಹುಬ್ಬಳ್ಳಿಯ ತನಿಖೆ ಸಾಹೇಬರು. ಬಹಳ ಶಿಸ್ತಿನ ಮನುಷ್ಯ. ಬಗಲಲ್ಲಿ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಸರ್ಕಲ್ಲಿನಲ್ಲೇ ಫ್ಲೆಕ್ಸಿನ ಫೋಟೋ ಹೊಡೆದುಕೊಂಡಿದ್ದರು.

“ಉಳಿವೆಪ್ಪ ಅನ್ನೋರು...?” ಅಂತ ಅವರು ಬಾಯಿ ತೆಗೆದದ್ದೇ ತಡ, ದಾವಲಬಿ ಎದೆ ಬಡಿದುಕೊಂಡಳು. ಸಾಹೇಬರು ಬೆದರಿ ಎರಡು ಹೆಜ್ಜೆ ಹಿಂದೆ ಸರಿದರು. ನಂತರ ಚೀಲದಿಂದ ಕಾಗದ ತೆಗೆದು, ನಾಮಿನಿಯೂ ತೀರಿಕೊಂಡಿದ್ದಾನೆ ಎಂದು ಅಲ್ಲೇ ಗಿರಣಿಕಟ್ಟೆಯ ಮೇಲೆ ಪಂಚನಾಮೆ ಬರೆದರು. ಐವರು ಪಂಚರು ಸಹಿ ಮಾಡಿದರು. ಮೊದಲ ಸಹಿ ಶಂಕ್ರಪ್ಪನದು. ದೊಡ್ಡದಾಗಿ, ಕೆಳಗೆ ಗೆರೆ ಎಳೆದು, ಮಾಜಿ ಸದಸ್ಯರು ಅಂತ ಸೇರಿಸಿ ಮಾಡಿದ.

ಸಂಜೆ ಉಳಿವೆಪ್ಪ ಬಸ್ಸಿಳಿದು ಸಂದಿಯ ದಾರಿ ಹಿಡಿದು ಓಣಿಗೆ ಬಂದ. ನೋಡುತ್ತಾನೆ, ಮನೆಯ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿ, ದುಂಡಸಿಯ ಟೆಂಪೋ, ಜನವೋ ಜನ. ಒಳಗಿನಿಂದ ಹೆಂಗಸರು ಹಾಡಿಕೊಂಡು ಅಳುವುದು ಕೇಳುತ್ತಿತ್ತು. ಅವನ ಎದೆ ತುಂಬಿ ಬಂತು. ಶರಣುವಿನ ಫ್ಲೆಕ್ಸು ಎಂಥಾ ಕೆಲಸ ಮಾಡಿತಪ್ಪ! ಮಾವನ ಸಲುವಾಗಿ ದುಂಡಸಿಯಿಂದಲೂ ಮಂದಿ ಬಂದಾರಲ್ಲ!

ಎಲ್ಲರ ಹಿಂದೆ ಒಂದು ಕುರ್ಚಿ ಖಾಲಿ ಇತ್ತು. ಸದ್ದಿಲ್ಲದೆ ಹೋಗಿ ಕುಂತ. ಬಗಲಿಗೆ ಪರಿಚಯವಿಲ್ಲದ ಒಬ್ಬ ಮುದುಕ ಎಲೆ ಅಡಿಕೆ ಮೆಲ್ಲುತ್ತಿದ್ದ.

“ನೀವೂ ದುಂಡಸಿಯಿಂದ ಬಂದ್ರೇನ್ರಿ?” ಅಂದ ಉಳಿವೆಪ್ಪ.

“ಹೂನ್ರಿ. ಪಾಪ, ಮನಿಷ್ಯಾ ಚಲೋ ಇದ್ನಂತ. ಹಿಟ್ಟ ಒಂದ ಜರಾ ಹೊಡಕೊಂತಿದ್ನಂತ.”

ಉಳಿವೆಪ್ಪ ಯೋಚಿಸಿದ. ಮಾವ ಮೆಸ್ಸಿನ ಅಡಿಗೆಯವನು. ಹೊಡೆದುಕೊಂಡಿದ್ದರೂ ಇರಬಹುದು. “ಇರ್ಲಿ ಬಿಡ್ರಿ, ಸತ್ತವರ ಬಗ್ಗೆ ಈಗ್ಯಾಕ,” ಅಂದ ದೊಡ್ಡ ಮನಸ್ಸಿನಿಂದ.

“ಹೇಣ್ತೀಗೆ ಭಾಳ ಹೆದರತಿದ್ನಂತ.”

“ಹೇಣ್ತಿ?” ಉಳಿವೆಪ್ಪ ನೆಟ್ಟಗೆ ಕುಂತ. “ಅವಗ ಹೇಣ್ತಿ ಎಲ್ಲಿದ್ಲು?”

“ಒಳಗ ಅಳಾಕತ್ತಾಳಲ್ರಿ, ಕೇಳ್ರಿಲ್ಲೆ.”

ಮಾವ ಯಾರಿಗೂ ಹೇಳದೆ ಮದುವೆಯಾಗಿದ್ದನೇ? ಅವಳು ವಿಮೆ ಕೇಳಲು ಸವಣೂರಿಗೇ ಬಂದಳೇ? ಉಳಿವೆಪ್ಪನ ಜೀವ ಹಾರಿತು. ಜನರನ್ನು ನೂಕಿಕೊಂಡು ಬಾಗಿಲ ತನಕ ಹೋದ. ಒಳಗೆ ಫಕ್ಕೀರವ್ವ ತಲೆಗೂದಲು ಬಿಚ್ಚಿಕೊಂಡು ಹಾಡಿ ಹಾಡಿ ಅಳುತ್ತಿದ್ದಳು:

“ಬದನಿಕಾಯಿ ಪಲ್ಯಾ ಮಾಡು ಅಂದ್ರೀ, ನಾ ಮಾಡಲಿಲ್ಲಲ್ರೀ ನನ ರಾಜಾ! ಹಿಟ್ಟಿನ ಅರಬಿ ಹೊರಗ ಝಾಡ್ಸು ಅಂತ ದಿನಾ ಬೈದ್ನೆಲ್ರೀ ನನ ರಾಜಾ! ಇನ್ನ ಯಾರಿಗೆ ಬೈಲ್ರೀ!”

ಉಳಿವೆಪ್ಪನಿಗೆ ಕಣ್ಣಲ್ಲಿ ನೀರು ಬಂತು. ಲಗ್ನವಾದಾಗಿನಿಂದ ಅವಳು ಅವನನ್ನು ರಾಜಾ ಅಂದದ್ದು ಇದೇ ಮೊದಲು. ಇನ್ನೂ ನಾಲ್ಕು ಸಾಲು ಕೇಳಬೇಕೆನಿಸಿತು, ಆದರೆ ತಡೆಯಲಾಗಲಿಲ್ಲ.

“ಲೇ ಫಕ್ಕೀರವ್ವಾ, ನಾ ಇಲ್ಲೇ ಅದೇನಿ! ನಾಳೆ ಮಾಡಿದ್ರೂ ನಡೀತೈತಿ!”

ಹೆಂಗಸರು ಹಿತ್ತಲ ಬಾಗಿಲಿಂದ ಓಡಿದರು, ಗಂಡಸರು ಕುರ್ಚಿ ಉರುಳಿಸಿ ಓಡಿದರು, ದುಂಡಸಿಯ ಟೆಂಪೋ ಡ್ರೈವರ್ ಗಾಡಿ ಬಿಟ್ಟೇ ಓಡಿದ. ದಾವಲಬಿ ಮಾತ್ರ ಹತ್ತಿರ ಬಂದು ಅವನ ಕೆನ್ನೆ ಹಿಂಡಿ ನೋಡಿದಳು. “ಬಿಸಿ ಐತಿ,” ಅಂತ ಸಾರಿದಳು. ಫಕ್ಕೀರವ್ವ ಕಣ್ಣೊರೆಸಿಕೊಂಡು ಎದ್ದಳು. ಆಮೇಲೆ ಅವಳು ಅವನನ್ನು ಏನೇನು ಅಂದಳೋ ಅದರಲ್ಲಿ ರಾಜಾ ಅನ್ನುವ ಶಬ್ದ ಇರಲಿಲ್ಲ.

ಮರುದಿನ ಸಾಹೇಬರಿಗೆ ಫೋನು ಹೋಯಿತು.

“ನಮಸ್ಕಾರ್ರಿ, ನಾ ಉಳಿವೆಪ್ಪ ಮಾತಾಡಾಕತ್ತೇನಿ.”

“ಯಾವ ಉಳಿವೆಪ್ಪ?”

“ಅದರಿ... ನಿನ್ನೆ ಸತ್ತವ.”

ಸಾಹೇಬರು ಫೋನಿಟ್ಟರು. ಮೂರನೇ ಸಲ ಹಚ್ಚಿದಾಗ ಸಮಾಧಾನದಿಂದ ವಿವರಿಸಿದರು. ನೀವು ಬದುಕಿದ್ದೀರಿ, ಸಂತೋಷ. ಆದರೆ ಪಂಚನಾಮೆಯ ಪ್ರಕಾರ ಸತ್ತಿದ್ದೀರಿ. ಸಹಿ ಮಾಡಿದ ಐವರೂ ನನ್ನ ಮುಂದೆ ಬಂದು, ತಪ್ಪಾಯಿತು, ಈ ಮನುಷ್ಯ ಬದುಕಿದ್ದಾನೆ ಎಂದು ಬರೆದುಕೊಡಬೇಕು. ಒಬ್ಬರು ಕಡಿಮೆಯಾದರೂ ನೀವು ಸತ್ತ ಹಾಗೇ. ಐವರೂ ಬಂದರೆ ಮಸ್ಕತ್ತಿನ ದೊಡ್ಡ ಸಾಹೇಬರನ್ನೇ ವೀಡಿಯೋದಲ್ಲಿ ಮಾತಾಡಿಸುತ್ತೇನೆ.

ನಾಲ್ವರು ಖುಷಿಯಿಂದ ಒಪ್ಪಿದರು. ಶಂಕ್ರಪ್ಪ ಒಪ್ಪಲಿಲ್ಲ.

“ನಾ ಒಮ್ಮೆ ಸಹಿ ಮಾಡಿದ್ರ ಮಾಡಿದಂಗ,” ಅಂದ ಮೀಸೆ ತಿರುವುತ್ತ. “ಸಾರ್ವಜನಿಕ ಜೀವನದಾಗ ಇದ್ದವ ನಾನು. ಇವತ್ತ ಸತ್ತಾನಂತ ಹೇಳಿ ನಾಳೆ ಬದುಕ್ಯಾನಂತ ಹೇಳಿದ್ರ ನನ್ನ ಮಾತಿಗೆ ಕಿಮ್ಮತ್ತೇನು?”

“ಅಲ್ರೀ, ನಾ ನಿಮ್ಮ ಮುಂದ ನಿಂತೇನಲ್ರೀ!” ಅಂದ ಉಳಿವೆಪ್ಪ.

“ನಿಂತೀಯಪ್ಪ, ಇಲ್ಲನ್ನೂದಿಲ್ಲ. ಆದ್ರ ನಿಂತದ್ದಕ್ಕ ಕಾಗದ ಐತೇನು? ಸತ್ತದ್ದಕ್ಕ ಐತಿ.”

ಉಳಿವೆಪ್ಪ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕುಂತ. ದೀಪಾವಳಿ ಹತ್ತಿರ ಬಂದಿತ್ತು. ಎದ್ದು ಗಿರಣಿಗೆ ಹೊರಟಾಗ ಫಕ್ಕೀರವ್ವ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೆ ಹೊಂಟ್ರಿ?”

“ಗಿರಣಿ ಚಾಲೂ ಮಾಡಾಕ. ಮಂದಿ ಜೋಳಾ ತಂದು ನಿಂತಾರ.”

“ಸತ್ತವ್ರು ಗಿರಣಿ ಹೆಂಗ ಚಾಲೂ ಮಾಡ್ತಾರ? ಕಾಗದ ಐತಲ್ಲ? ಸುಮ್ಮನ ಒಳಗ ಕುಂದರ್ರಿ. ಬೀಸೂದ ಬ್ಯಾಡ.”

ಹೀಗೆ ಸವಣೂರಿನ ಆ ಭಾಗದಲ್ಲಿ ಹಿಟ್ಟು ನಿಂತಿತು. ಇದೇನು ದೊಡ್ಡ ಮಾತು ಅಂತ ಅಕ್ಕಿ ತಿನ್ನುವ ಸೀಮೆಯವರು ಕೇಳಬಹುದು. ಅವರಿಗೆ ಹೇಳಿ ಪ್ರಯೋಜನವಿಲ್ಲ. ನಮ್ಮಲ್ಲಿ ಅನ್ನ ಉಂಡವನನ್ನು ಊಟ ಆಯಿತಾ ಎಂದು ಕೇಳಿದರೆ ಇನ್ನೂ ಇಲ್ಲ ಅನ್ನುತ್ತಾನೆ. ಜೋಳದ ರೊಟ್ಟಿ ಎಲೆಗೆ ಬಿದ್ದಾಗಲೇ ಊಟ ಶುರು. ಜೋಳದ ಹಿಟ್ಟು ಹಳತಾದರೆ ರೊಟ್ಟಿ ಬಡಿಯಲು ಬರುವುದಿಲ್ಲ, ಆದ್ದರಿಂದ ಯಾರ ಮನೆಯಲ್ಲೂ ಬಹಳ ದಿನಕ್ಕೆ ಆಗುವಷ್ಟು ಬೀಸಿ ಇಡುವುದೂ ಇಲ್ಲ.

ಶಂಕ್ರಪ್ಪನ ಹೆಂಡತಿ ಮೊದಲು ಅಂಗಡಿಯ ಪಾಕೀಟು ಹಿಟ್ಟು ತರಿಸಿದಳು. ರೊಟ್ಟಿ ತವೆಯ ಮೇಲೆ ಬೀಳುವ ಮೊದಲೇ ನಾಲ್ಕು ಹೋಳಾಯಿತು. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಗಿರಣಿಗೆ ಜೋಳ ಕಳಿಸಿದಳು. ಅದು ಬರೀ ಖಾರದ ಮೆಣಸಿನಕಾಯಿ ಬೀಸುವ ಗಿರಣಿ. ಆ ರೊಟ್ಟಿಯ ಮೊದಲ ತುತ್ತಿಗೇ ಶಂಕ್ರಪ್ಪ ಎದ್ದು ಹಿತ್ತಲಿಗೆ ಓಡಿ ಕೊಡದಲ್ಲಿ ಬಾಯಿ ಇಟ್ಟ. ಅಂದಿನಿಂದ ಮುಂಜಾನೆ ಅನ್ನ, ಸಂಜೆ ಅನ್ನ. ಹೊಟ್ಟೆ ತುಂಬುತ್ತಿತ್ತು, ಆದರೆ ಉಂಡ ಹಾಗಾಗುತ್ತಿರಲಿಲ್ಲ.

“ನಿಮ್ಮ ಮಾತಿನ ಕಿಮ್ಮತ್ತ ನೀವ ಉಣ್ರಿ,” ಎಂದು ಹೆಂಡತಿ ಒಂದು ದಿನ ಜೋಳದ ಡಬ್ಬಿಯನ್ನು ಅವನ ಕೈಗೇ ಕೊಟ್ಟಳು. “ಹಿಟ್ಟಾಗಿ ಬಂದ್ರ ಮನ್ಯಾಗ ಕಾಲಿಡ್ರಿ. ಇಲ್ಲಾ, ನಾ ತಡಸಕ ನಮ್ಮ ಅಣ್ಣನ ಮನಿಗೆ ಹೊಂಟೆ. ಆ ಊರಾಗ ಗಿರಣಿ ಐತಿ.”

ಮಾಜಿ ಸದಸ್ಯರು ಡಬ್ಬಿ ಹೆಗಲ ಮೇಲೆ ಹೊತ್ತು ಹಾಡಹಗಲೇ ಓಣಿಯಲ್ಲಿ ನಡೆದು ಉಳಿವೆಪ್ಪನ ಮನೆಗೆ ಬಂದರು. ಎರಡೂ ಕಡೆಯ ಕಟ್ಟೆಯ ಮೇಲಿನ ಮಂದಿ ಎದ್ದು ನಿಂತು ನೋಡಿದರು.

“ಉಳಿವೆಪ್ಪಾ, ಬಾಗಲಾ ತಗಿಯೋ.”

ಒಳಗಿನಿಂದ ದನಿ ಬಂತು. “ಉಳಿವೆಪ್ಪ ಸತ್ತಾನ್ರಿ.”

“ಲೇ, ನಾ ಶಂಕ್ರಪ್ಪ!”

“ಗೊತ್ತೈತ್ರಿ. ಮೊದಲನೇ ಸಹಿ ನಿಮ್ಮದಲ್ರಿ.”

ಶಂಕ್ರಪ್ಪ ಡಬ್ಬಿ ಇಳಿಸಿದ. ಬೆವರು ಒರೆಸಿಕೊಂಡ. ಸುತ್ತ ನೋಡಿದ. “ಕರೀರೋ ಆ ಹುಬ್ಬಳ್ಳಿ ಸಾಹೇಬನ್ನ,” ಅಂದ. “ಈ ಮಗಾ ಬದುಕ್ಯಾನ ಅಂತ ಹತ್ತ ಸಹಿ ಬೇಕಾದ್ರ ಮಾಡತೇನಿ.”

ಸಾಹೇಬರು ಮರುದಿನವೇ ಬಂದರು. ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು ಸರ್ಕಲ್ಲಿನ ತನಕ ಹೋಗಿತ್ತು, ಒಂದೊಂದು ಡಬ್ಬಿಯ ಹಿಂದೆ ಒಬ್ಬೊಬ್ಬರು. ಐವರೂ ಸಹಿ ಮಾಡಿದರು. ಸಾಹೇಬರು ಮೊಬೈಲನ್ನು ಗಿರಣಿಯ ಬಾಯಿಗೆ ಆನಿಸಿ ನಿಲ್ಲಿಸಿದರು. ಅದರಲ್ಲಿ ಮಸ್ಕತ್ತಿನ ದೊಡ್ಡ ಸಾಹೇಬರು ಕಾಣಿಸಿದರು, ದುಂಡು ಮುಖ, ಬಿಳಿ ಗಡ್ಡ. ಬಗಲಿಗೆ ಮಾತು ತಿಳಿಸಿಕೊಡಲು ಶಾಹಬಾಜ.

“ಉಳಿವೆಪ್ಪಣ್ಣಾ, ನೀವು ಬದುಕಿದ್ದು ಸಾಹೇಬ್ರು ಒಪ್ಪಿದ್ರು,” ಅಂದ ಶಾಹಬಾಜ. “ಇನ್ನೊಂದ ಪ್ರಶ್ನೆ ಅಷ್ಟ. ಸತ್ತವ್ರು ನಿಮಗ ಏನಾಗಬೇಕು, ಹೆಂಥಾ ಮನಿಷ್ಯಾ ಇದ್ರು, ನಿಮ್ಮ ಮಾತಿನ್ಯಾಗ ಹೇಳ್ರಿ.”

ಉಳಿವೆಪ್ಪ ಇದಕ್ಕಾಗಿಯೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಗಂಟಲು ಸರಿಮಾಡಿಕೊಂಡ.

“ಕರಿಬಸಪ್ಪ ಅಂದ್ರ ನಮ್ಮ ತಾಯಿ ಖಾಸ ತಮ್ಮರಿ. ಅಂದ್ರ, ಮಾಂವ. ಮಾಂವ ಅಂದ್ರ...”

ಮತ್ತೊಮ್ಮೆ “ಮಾಂವ ಅಂದ್ರ” ಅಂದ.

“ನಾ ಸಣ್ಣಾವಿದ್ದಾಗ ಹೆಗಲ ಮ್ಯಾಲ ಕುಂದರಿಸ್ಕೊಂಡು ಇದ ಗಿರಣಿಗೆ ಬರತಿದ್ನರೀ. ಕಲ್ಲ ತಿರಗೂದ ತೋರಸ್ತಿದ್ದ. ಮಸ್ಕತ್ತಿನಿಂದ ಫೋನ ಮಾಡಿದ್ರ ಆರಾಮ ಅದೀಯೇನ ಅಂತ ಕೇಳತಿದ್ದಿಲ್ರೀ. ಗಿರಣಿ ನಡದೈತೇನ್ಲೇ, ಅಂತ ಕೇಳತಿದ್ದ. ನಡದೈತಿ ಅಂದ್ರ ಸಾಕು, ಹಂಗಾರ ನೀ ಆರಾಮ ಅದಿ ಅಂತಿದ್ದ.” ಅವನು ಮೊಬೈಲಿನ ಹತ್ತಿರ ಬಗ್ಗಿದ. “ಸಾಹೇಬ್ರ, ಊರ ಮಂದಿ ಎಲ್ಲಾ ಕೂಡಿ ನನಗ ಅತ್ರು. ನಮ್ಮ ಮಾಂವಗ ಒಬ್ರೂ ಅಳಲಿಲ್ರೀ. ನಾನೂ ಅಳಲಿಲ್ಲ. ಫೋನ ಬಂದಾಗ ಅಳಾಕಂತ ಬಾಯಿ ತಗದಿದ್ದೆ...”

ಅಷ್ಟರಲ್ಲಿ ಅವನು ಅತ್ತೇಬಿಟ್ಟ. ಇಸ್ತ್ರಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಫಕ್ಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಂದು ಸಾಲು ಎತ್ತಿದಳು: “ಪರದೇಶದಾಗ ಮಂದಿಗೆಲ್ಲಾ ಉಣಿಸಿದ್ರೀ, ನಮ್ಮ ಕೈಲೆ ಒಂದ ತುತ್ತ ಉಣಲಿಲ್ಲಲ್ರೀ ಮಾಂವಾ!” ಡಬ್ಬಿಯ ಸಾಲಿನಲ್ಲಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಹುಬ್ಬಳ್ಳಿಯ ಸಾಹೇಬರು ಕನ್ನಡಕ ತೆಗೆದರು. ಶಂಕ್ರಪ್ಪ ವಸ್ತ್ರ ತೆಗೆದ, ಈ ಸಲ ಇನ್ನೊಂದು ಕೈ ಖಾಲಿ ಇತ್ತು.

ಮಸ್ಕತ್ತಿನಲ್ಲಿ ಶಾಹಬಾಜ ಮಾತು ತಿಳಿಸುವುದನ್ನು ಬಿಟ್ಟು ತಾನೇ ಅಳುತ್ತಿದ್ದ. ದೊಡ್ಡ ಸಾಹೇಬರು ಮುಂದಿದ್ದ ಕಾಗದದಲ್ಲಿ ಏನೋ ಬರೆದು, ಶಾಹಬಾಜನ ಬೆನ್ನು ತಟ್ಟಿ ಏನೋ ಕೇಳಿದರು.

“ಉಳಿವೆಪ್ಪಣ್ಣಾ,” ಅಂದ ಶಾಹಬಾಜ ಮೂಗೊರೆಸಿಕೊಳ್ಳುತ್ತ. “ಸಂಬಂಧ ಖರೇ ಐತಿ ಅಂತ ಸಾಹೇಬ್ರು ಬರದ್ರು. ವಿಮಾ ಪಾಸಾತು. ರೊಕ್ಕ ದೀಪಾವಳಿ ಒಳಗ ಬರತೈತಂತ. ಇನ್ನೂ ಯಾರರ ಅಳೋರು ಅದಾರೇನಂತ ಕೇಳಾಕತ್ತಾರ. ಇಲ್ಲಂದ್ರ ಫೋನ ಇಡತಾರಂತ.”

ಡಬ್ಬಿಗಳ ಸಾಲನ್ನು ಎರಡೂ ಕೈಯಿಂದ ಸರಿಸಿಕೊಂಡು ದಾವಲಬಿ ಮುಂದೆ ಬಂದಳು.

“ಇಡಬ್ಯಾಡ್ರಿ ಅನ್ನು ಅವರಿಗೆ,” ಅಂದಳು. “ಕರಿಬಸಪ್ಪಗ ಮೊದಲ ಒಲಿ ಹಚ್ಚಾಕ ಕಲಿಸಿದಾಕಿ ನಾನು. ನಾ ಇನ್ನೂ ಅತ್ತಿಲ್ಲ.”

ಮಸ್ಕತ್ತಿನ ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡು ಕುಂತರು.